ಮಾವ ನೆಟ್ಟ ಕಲ್ಲು

ಹಗ್ಗದ ಮೇಲೆ ಹೊದಿಕೆ ಹರವುತ್ತಿದ್ದ ಸೊಸೆಯ ಕೈ ಅರ್ಧದಲ್ಲೇ ನಿಂತುಹೋಯಿತು. ಮರಳು ಸುರಿಯಲು ಜಾಗ ಬೇಕೆಂದು ಅತ್ತೆ ಹಿತ್ತಲಿನ ಅಂಚಿನ ಮುಳ್ಳುಪೊದೆಯನ್ನು ಬೆಳಗಾಗುತ್ತಲೇ ಆಳು ಹಚ್ಚಿ ಕಡಿಸಿದ್ದರು. ಪೊದೆ ಹೋದ ಕಡೆ, ಬೇರುಗಳ ನಡುವೆ, ಒಂದು ಚೌಕನೆಯ ಕಲ್ಲು ತಲೆಯೆತ್ತಿತ್ತು. ಅದರ ನೆತ್ತಿಯ ಮೇಲೆ ಉಳಿಯಿಂದ ಕೊರೆದ ಗೀಟು. ಮಾವ ಬದುಕಿದ್ದಾಗ ಎಷ್ಟೋ ಸಲ ಬಾಯ್ತುಂಬ ಹೇಳುತ್ತಿದ್ದ ಗಡಿಕಲ್ಲು! ಅವಳು ಅಲ್ಲಿಂದ ದಿಬ್ಬದ ಕಡೆಯ ಇನ್ನೊಂದು ಕಲ್ಲಿಗೆ ಕಣ್ಣಲ್ಲೇ ಒಂದು ಗೆರೆ ಎಳೆದಳು. ಗೆರೆ, ನಾದಿನಿಗೆಂದು ಕಟ್ಟುತ್ತಿದ್ದ ಹೊಸ ಕೋಣೆಯ ನಟ್ಟನಡುವೆ ಹಾದುಹೋಯಿತು.

"ಮರಳು ಇಲ್ಲೇ ಸುರೀಲಾ ಅಕ್ಕ?" ಎಂದ ಮೇಸ್ತ್ರಿ. ಹೂಂ ಎಂದರೆ ಸಾಕಿತ್ತು. ಕಲ್ಲು ಮರಳಿನಡಿ ಮುಚ್ಚಿಹೋಗುತ್ತಿತ್ತು, ಮಾತೂ ಅದರ ಜೊತೆಗೇ ಮುಚ್ಚಿಹೋಗುತ್ತಿತ್ತು. ಅವಳ ನಾಲಿಗೆಯ ತುದಿಗೆ ಆ ಹೂಂ ಬಂದಿದ್ದೂ ಸುಳ್ಳಲ್ಲ. "ಸ್ವಲ್ಪ ತಡೀಪ್ಪ," ಎಂದಳು ಕೊನೆಗೆ.

ಆ ಕೋಣೆಗಾಗಿ ಮನೆಯೇ ಕಾದು ಕುಳಿತಿತ್ತು. ಗಂಡನ ಮನೆಯ ಬಾಗಿಲು ಮುಚ್ಚಿದ ಮೇಲೆ ತವರಿಗೆ ಬಂದ ನಾದಿನಿ, ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಬದುಕು ಕಟ್ಟಿಕೊಳ್ಳುತ್ತಿದ್ದಳು. ಮನೆಯಲ್ಲಿ ಯಾರು ಎಲ್ಲಿಗೆ ಹೋಗಬೇಕಾದರೂ ಅಲ್ಲಿ ಮೈ ಓರೆ ಮಾಡಿಕೊಂಡೇ ದಾಟಬೇಕು. ಅಳತೆ ಕೊಡಲು ಬಂದ ಹೆಂಗಸರು ಬಕೆಟ್ ಹಿಡಿದು ಬಚ್ಚಲಿಗೆ ಹೊರಟ ಅಣ್ಣನನ್ನು ಕಂಡು ನಾಚಿ ಗೋಡೆಗೆ ಅಂಟಿಕೊಳ್ಳುತ್ತಿದ್ದರು. ಪಾಪ, ಆ ಹುಡುಗಿ ಮಾತ್ರ ಒಂದು ದಿನವೂ ಗೊಣಗಿದವಳಲ್ಲ. ಬೆಳಕು ಬೀಳುವ ಕಿಟಕಿಯಿರುವ ಒಂದು ಕೋಣೆ ಅಂತ ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ ಸಲ. ಆ ಒಂದು ಸಲವೂ ಅತ್ತಿಗೆಯ ಹತ್ತಿರ.

ಇನ್ನು ಸೊಸೆಯ ಸಂಕಟ. ಹಿತ್ತಲಾಚೆಯ ಹುಲ್ಲುಗಾವಲನ್ನು ಮಾವ, ಎಂದೆಂದಿಗೂ ಯಾರೂ ಕಟ್ಟಬಾರದು, ಅಗೆಯಬಾರದು, ಅದು ಹುಲ್ಲಾಗಿಯೇ ಇರಲಿ ಎಂದು ನೆಲ ಕಾಯುವ ಸಂಘಕ್ಕೆ ಒಪ್ಪಿಸಿ ಕಣ್ಣುಮುಚ್ಚಿದ್ದರು. ಊರವರು ನಗೆಚಾಟಿಕೆಗೆ ಹುಲ್ಲು ಕಮಿಟಿ ಎನ್ನುತ್ತಿದ್ದ ಆ ಸಂಘಕ್ಕೆ ಸಂಬಳವಿಲ್ಲದ, ಬೈಗುಳ ಮಾತ್ರ ಧಾರಾಳವಾಗಿದ್ದ ನಾಲ್ವರು ದಿಕ್ಕು: ನಿವೃತ್ತ ಪೋಸ್ಟ್ ಮಾಸ್ತರು, ದನದ ಡಾಕ್ಟರಮ್ಮ, ಬೇಕರಿಯವನು, ಮತ್ತೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿಕೊಂಡೇ ಕಾರ್ಯದರ್ಶಿಯೂ ಆಗಿದ್ದ ಈ ಸೊಸೆ. ವರ್ಷಕ್ಕೊಮ್ಮೆ ಅವರು ಗಡಿಯುದ್ದಕ್ಕೂ ನಡೆದು ಬರಬೇಕು. ತಮ್ಮ ಮನೆಗೆ ತಾಗಿದ ಗಡಿಯಲ್ಲಿ ಮಾತ್ರ ಯಾರೂ ತಾವೇ ನಡೆಯುವಂತಿಲ್ಲ, ಉಳಿದವರು ನೋಡಿ ಬರಬೇಕು. ಹಾಗೆ ನಡೆಯುವಾಗ ಮೊದಲೊಂದು ಸಲ ಡಾಕ್ಟರಮ್ಮನ ಹೊಸ ಬಟ್ಟೆ ಈ ಮುಳ್ಳುಪೊದೆಗೆ ಸಿಕ್ಕಿ ಹರಿದಿತ್ತು. ಮರುವರ್ಷ ಸೊಸೆಯನ್ನು ಬಿಟ್ಟು ಉಳಿದ ಮೂವರೂ ಪೊದೆಯನ್ನು ಸುತ್ತಿ ಹುಲ್ಲುಗಾವಲಿನ ಕಡೆಯಿಂದ ಹೋದರು. ಪೊದೆ ಬೆಳೆಯಿತು, ಸುತ್ತೂ ಬೆಳೆಯಿತು. ಕೊನೆಗೆ ಸವೆದ ಆ ಕಾಲುದಾರಿಯನ್ನೇ ಗಡಿಯೆಂದು ನಂಬಿ, ಪೋಸ್ಟ್ ಮಾಸ್ತರು ಅದರುದ್ದಕ್ಕೂ ಬಿಳಿ ಗೂಟ ಹೊಡೆಸಿದರು. ನೆಲ ಕಾಯುವವರ ಕಾಲೇ ನೆಲವನ್ನು ಬಿಟ್ಟುಕೊಟ್ಟಿತ್ತು. ಆ ಗೂಟಗಳನ್ನು ನಂಬಿ ಅತ್ತೆ ಪಾಯ ತೋಡಿಸಿದ್ದರು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಸೊಸೆ ವಿಷಯ ತೆಗೆದಳು. ಅತ್ತೆಯ ಕೈಯ ತುತ್ತು ತಟ್ಟೆಗೇ ಮರಳಿತು.

"ಕಲ್ಲನ್ನ ಯಾರ್ಯಾರು ನೋಡಿದಾರೆ?"

"ಗುರುತು ಹಿಡಿದವಳು ನಾನೊಬ್ಬಳೇ, ಅತ್ತೆ."

"ಮತ್ತೆ? ನೋಡಿಲ್ಲ ಅಂದ್ಕೋ."

"ಹಾಗೆ ಅಂದ್ಕೊಳ್ಳೋಕೆ ಆಗ್ತಿಲ್ಲ. ಸಂಜೆ ಮೀಟಿಂಗ್ ಕರೆದಿದೀನಿ."

ಅತ್ತೆ ಮಗನ ಕಡೆ ತಿರುಗಿದರು. "ಕೇಳಿದ್ಯೇನೋ? ಇವಳು ಈ ಮನೆ ಸೊಸೆಯೋ, ಆ ಹುಲ್ಲು ಕಮಿಟಿ ಸೊಸೆಯೋ? ಆ ಮನುಷ್ಯ ನೆಲಾನ ಕಪ್ಪೆಗಳಿಗೆ ಬರೆದುಕೊಟ್ಟು ಹೋದ. ಇವಳು ಉಳಿದಿದ್ದನ್ನೂ ಕೊಡೋಕೆ ಹೊರಟಿದಾಳೆ. ನನ್ನ ಮಗಳು ಇನ್ನೂ ಎಷ್ಟು ದಿನ ಬಚ್ಚಲ ಬಾಗಿಲಲ್ಲಿ ಕೂತು ಹೊಲೀಬೇಕು... ಹೇಳೋ..."

"ಊಟ ಮಾಡಮ್ಮ," ಎಂದ ಮಗ. ಅವನಿಗೆ ಬರುತ್ತಿದ್ದುದು ಅದೊಂದೇ ಸಮಾಧಾನದ ಮಾತು.

ನಾದಿನಿ ತಲೆ ತಗ್ಗಿಸಿಕೊಂಡೇ ಹೇಳಿದಳು, "ಬಿಡಿ ಅತ್ತಿಗೆ. ಓಣಿ ನನಗೆ ಅಭ್ಯಾಸ ಆಗಿದೆ." ಬೈಗುಳಕ್ಕೆ ಅಲುಗದ ಸೊಸೆ ಆ ಮಾತಿಗೆ ಕರಗಿ ಕೈತೊಳೆಯುವ ನೆಪದಲ್ಲಿ ಎದ್ದು ಹೋದಳು. ತಾನು ಮಾಡುತ್ತಿರುವುದು ಸರಿ ಎಂದು ಅವಳಿಗೆ ಗೊತ್ತಿತ್ತು. ಆದರೆ ಆ ಸರಿಗೆ ಬೆಲೆ ತೆರುವವಳು ತಾನಲ್ಲ, ಈ ಹುಡುಗಿ ಎನ್ನುವುದೂ ಗೊತ್ತಿತ್ತು.

ಮೀಟಿಂಗ್ ನಡೆಯುತ್ತಿದ್ದುದು ದನದ ಆಸ್ಪತ್ರೆಯಲ್ಲಿ. ಸೊಸೆ ಇದ್ದದ್ದನ್ನು ಇದ್ದಂತೆ ಹೇಳಿ, ಸ್ವಂತ ಮನೆಯ ವಿಷಯ ಬಂದರೆ ಎದ್ದು ಹೋಗಬೇಕೆಂಬ ನಿಯಮದಂತೆ ಹೊರಗೆ ಬಂದು ಬೆಂಚಿನ ಮೇಲೆ ಕುಳಿತಳು. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಮೇಕೆಯೊಂದು ಬೆಂಚಿನ ಕಾಲಿಗೆ ಕಟ್ಟಿದ್ದ ಹಗ್ಗವನ್ನೇ ಮೆಲ್ಲುತ್ತಿತ್ತು. ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಅತ್ತೆ! ಹೊರಗೆ ಹೋಗುವ ಚಪ್ಪಲಿ ಮೆಟ್ಟಿ, ಕೊಡೆಯನ್ನು ದೊಣ್ಣೆಯಂತೆ ಹಿಡಿದು ಬಂದಿದ್ದರು. ಜಗಳಕ್ಕೇ ಬಂದವರು ಎಂದು ನೋಡಿದರೇ ತಿಳಿಯುತ್ತಿತ್ತು. ಒಳಗೆ ಮಾತು ನಡೆದಿತ್ತಾದ್ದರಿಂದ, ಸೊಸೆಯ ಮುಖ ನೋಡದೆ ಬೆಂಚಿನ ಆ ತುದಿಯಲ್ಲಿ ಕುಳಿತರು.

ಕಿಟಕಿ ತೆರೆದೇ ಇತ್ತು.

"ತಪ್ಪು ನಮ್ಮ ಕಾಲಿಂದು. ಆ ಹುಡುಗಿಗೆ ಯಾಕೆ ಶಿಕ್ಷೆ?" ಡಾಕ್ಟರಮ್ಮನ ದನಿ.

"ಪಾಪ, ಒಂದು ಕೋಣೆ ತಾನೆ," ಎಂದರು ಪೋಸ್ಟ್ ಮಾಸ್ತರು. "ಕಲ್ಲನ್ನೇ ಕಿತ್ತು ಗೂಟದ ಹತ್ತಿರ ನೆಟ್ಟರಾಯ್ತು. ಕೊಟ್ಟವರಂತೂ ಈಗ ಇಲ್ಲ, ಕೇಳೋಕೆ ಬರಲ್ಲ."

"ಹಾಗೇ ಮಾಡೋಣ. ಹುಲ್ಲಿಗೇನು, ಬಾಯಿದೆಯಾ?" ಎಂದ ಬೇಕರಿಯವನು.

ಸೊಸೆಯ ಮೈಯಿಂದ ದೊಡ್ಡ ಹೊರೆ ಇಳಿದಂತಾಯಿತು. ಹಿಂದೆಯೇ ನಾಚಿಕೆಯೂ ಆಯಿತು. ಅತ್ತೆಗಂತೂ ಸಂತೋಷವಾಗಿರಬೇಕು ಎಂದು ಪಕ್ಕಕ್ಕೆ ನೋಡಿದಳು. ಅತ್ತೆಯ ಮುಖ ಕೆಂಪೇರಿತ್ತು. ನೋಡುನೋಡುತ್ತಿದ್ದಂತೆ ಎದ್ದು ಬಾಗಿಲು ತಳ್ಳಿ ಒಳಗೆ ನಡೆದೇಬಿಟ್ಟರು.

"ಕೇಳೋಕೆ ಬರಲ್ಲ ಅಂದ್ರಾ ಮಾಸ್ತರೇ? ನಾನು ಬಂದಿದೀನಿ."

ಒಳಗಿದ್ದ ಮೂವರೂ ಕಕ್ಕಾಬಿಕ್ಕಿಯಾದರು.

"ಆ ಕಲ್ಲು ನೆಟ್ಟ ದಿನ ನಾನು ನಮ್ಮನೆಯವರ ಹತ್ರ ಮಾತು ಬಿಟ್ಟಿದ್ದೆ. ಅವರು ಒಬ್ಬರೇ ಬಿಸಿಲಲ್ಲಿ ಗುಂಡಿ ತೋಡಿದರು. ನೀರು ಬೇಕಾ ಅಂತ ಸಹ ನಾನು ಕೇಳಲಿಲ್ಲ..." ಕೊಡೆಯನ್ನು ನೆಲಕ್ಕೆ ಊರಿ ಸಾವರಿಸಿಕೊಂಡರು. "ಅವತ್ತಿಂದ ಇವತ್ತಿನವರೆಗೂ ಬೈದಿದೀನಿ. ಬೈಯೋದು ನನ್ನ ಹಕ್ಕು, ಕಟ್ಟಿಕೊಂಡವಳು ನಾನು. ಕೀಳೋದಕ್ಕೆ ನೀವು ಯಾರು? ಅವರು ಕೊಟ್ಟಿದ್ದನ್ನ ಪಾಪ ಅಂತ ನನಗೆ ವಾಪಸ್ ಕೊಡ್ತೀರಾ? ನಾನೇನು ಬೇಡೋಕೆ ಬಂದಿದ್ನಾ?"

"ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಕೇಳಿದ್ರಲ್ಲಮ್ಮ," ಎಂದ ಬೇಕರಿಯವನು ಮೆಲ್ಲಗೆ.

"ಅದು ಮಧ್ಯಾಹ್ನ," ಎಂದರು ಅತ್ತೆ.

ಯಾರಿಗೂ ನಗುವ ಧೈರ್ಯ ಬರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸೊಸೆ, "ಹಾಗಾದ್ರೆ ಕೋಣೆ, ಅತ್ತೆ?" ಎಂದು ಕೇಳಿದಳು. ಅತ್ತೆ ಹಿಂತಿರುಗಿ ನೋಡಿದರು. ಕಲ್ಲಿನಿಂದ ಈಚೆಗೆ, ಮನೆಯ ಕಡೆ ಉಳಿದಿದ್ದುದು ಒಂದೇ ಜಾಗ. ಅದು ಅತ್ತೆಯ ಕೋಣೆಯ ಕಿಟಕಿಯ ಮುಂದಿನದು. ಆ ಕಿಟಕಿಯಲ್ಲಿ ಕುಳಿತು ಹುಲ್ಲುಗಾವಲನ್ನು ನೋಡುತ್ತ ಗಂಡನಿಗೆ ಬೈಯದೆ ಅವರಿಗೆ ಬೆಳಗಾಗುತ್ತಿರಲಿಲ್ಲ. ಅಲ್ಲಿಗೆ ಬಟ್ಟೆ ಒಣಗುವ ಹಗ್ಗವನ್ನು ಸಹ ಅವರು ಬಿಟ್ಟುಕೊಂಡವರಲ್ಲ.

"ನನ್ನ ಕಿಟಕಿಗೆ ತಾಗಿಸಿ ಕಟ್ಟಲಿ," ಎಂದರು. "ನನಗೆ ವಯಸ್ಸಾಯ್ತು. ಕೋಣೆ ಕತ್ತಲಾದರೆ ಬೇಗ ನಿದ್ದೆ ಬರುತ್ತೆ."

ಭಾನುವಾರ ಹುಲ್ಲು ಕಮಿಟಿ ಪೂರಾ ಹಿತ್ತಲಿಗೆ ಇಳಿಯಿತು. ತಮ್ಮ ಕಾಲು ಮಾಡಿದ ತಪ್ಪಿಗೆ ಕೈ ದಂಡ ತೆರಲಿ ಎಂದು ಡಾಕ್ಟರಮ್ಮನೇ ಎಲ್ಲರನ್ನೂ ಹೊರಡಿಸಿದ್ದರು. ಕಟ್ಟಿದ್ದ ಗೋಡೆಯನ್ನು ಇಟ್ಟಿಗೆ ಒಡೆಯದಂತೆ ಬಿಚ್ಚಿ ಈಚೆಗೆ ಹೊತ್ತರು. ಮಾಸ್ತರು ಒಂದೊಂದೇ ಇಟ್ಟಿಗೆಯನ್ನು ರಿಜಿಸ್ಟರ್ ಪೋಸ್ಟಿನಂತೆ ಎರಡೂ ಕೈಯಲ್ಲಿ ಹಿಡಿದು ತರುವುದನ್ನು ಕಂಡು ನಾದಿನಿ ಬಹಳ ದಿನಗಳ ಮೇಲೆ ಬಾಯ್ತುಂಬ ನಕ್ಕಳು. ಅತ್ತೆ ಎಲ್ಲರಿಗೂ ಬೈದುಕೊಂಡೇ ಚಹಾ ಕೊಟ್ಟರು. ಎಲ್ಲರೂ ಹೋದ ಮೇಲೆ ಒಂದು ಚೊಂಬು ನೀರು ತಂದು, ಕಲ್ಲಿನ ಮೇಲಿನ ಮಣ್ಣನ್ನು ನಿಧಾನವಾಗಿ ತೊಳೆದರು. ಅದನ್ನು ನೋಡಿದ ಸೊಸೆ ನೋಡದವಳಂತೆ ಒಳಗೆ ಹೋದಳು.

ಕೋಣೆ ಚಿಕ್ಕದಾಗಿಯೇ ಆಯಿತು. ಆದರೆ ಮೇಸ್ತ್ರಿ ಅತ್ತೆಯ ಕಿಟಕಿಯನ್ನು ಒಡೆದು ಬಾಗಿಲು ಮಾಡಿಕೊಟ್ಟ. ಹಾಗಾಗಿ ಅವರು ಈಗ ಮಗಳ ಮೆಷಿನ್ನಿನ ಪಕ್ಕ ಕುಳಿತು, ಮಗಳ ಕಿಟಕಿಯಿಂದ ಹುಲ್ಲುಗಾವಲು ನೋಡುತ್ತ, ಗುಂಡಿ ಹೊಲಿಯುತ್ತ ಗಂಡನಿಗೆ ಬೈಯುತ್ತಾರೆ. ಬೈಗುಳದ ಕಾವು ಸ್ವಲ್ಪ ತಗ್ಗಿದೆ ಎನ್ನುವುದು ಮಗನ ಅಭಿಪ್ರಾಯ.

ಮೆಷಿನ್ ಒಳಗೆ ಹೋದ ದಿನ ಸಂಜೆ, ಸೊಸೆ ಚಹಾದ ತಟ್ಟೆ ಹಿಡಿದು ಓಣಿಯಲ್ಲಿ ಬರುತ್ತಿದ್ದಳು. ಖಾಲಿ ಓಣಿ. ಆದರೂ ಅಭ್ಯಾಸಬಲದಿಂದ ಗೋಡೆಗೆ ಬೆನ್ನು ತಾಗಿಸಿ, ಮೈ ಓರೆ ಮಾಡಿಕೊಂಡು ದಾಟುತ್ತಿದ್ದಳು. ಹಿಂದೆಯೇ ಬರುತ್ತಿದ್ದ ಅತ್ತೆ ನಿಂತು ನೋಡಿದರು. ಇಷ್ಟು ವರ್ಷ ಅವಳನ್ನು 'ಇವಳೇ' ಎಂದಲ್ಲದೆ ಕರೆದವರಲ್ಲ ಅವರು.

"ನೆಟ್ಟಗೆ ನಡಿ ತಾಯಿ," ಎಂದರು ಅತ್ತೆ. "ಈಗ ಜಾಗ ಇದೆ."