ಹೆರಾನ್ ಮೊಹರು ಒತ್ತಿದ ಮನೆ

"ಸರ್ಕಾರಿ ಬಾಡಿಗೆ ಯೋಜನೆಗೆ ಮನೆ ಇಲ್ಲ ಅಂತೀರಾ ಅಲ್ವಾ? ಬೇಗ ಹೇಳಿಬಿಡಿ, ಹನ್ನೊಂದು ಬ್ರೋಕರ್ ಆಫೀಸು ಆಯ್ತು, ಹನ್ನೆರಡನೇದಕ್ಕೆ ಹೋಗ್ಬೇಕು!"

ಮನೆ ಬ್ರೋಕರ್ ಆಫೀಸಿನ ಬಾಗಿಲಲ್ಲೇ ನಿಂತು ಹೆರಾನ್ ಸಿಡಿದ ರಭಸಕ್ಕೆ ಒಳಗೆ ಕೂತಿದ್ದ ಬ್ರೋಕರ್ ಗ್ಯುಬಿನ್ ಕಾಫಿ ಚೆಲ್ಲಿಕೊಂಡ.

"ನಾನಿನ್ನೂ ಬಾಯೇ ತೆರೆದಿಲ್ಲ ಮೇಡಂ..."

ಕೋಪ ಬರದೆ ಇನ್ನೇನು? ಚೊಂಗ್ಜು ಊರಿನ ಅನಾಥ ಮಕ್ಕಳ ಆಶ್ರಮದಲ್ಲಿ ಬೆಳೆದು ಹೊರಬಂದವಳು ಅವಳು. ಅಂಥವರಿಗೆ ಸರ್ಕಾರವೇ ಬಾಡಿಗೆ ಮನೆ ಹಿಡಿದು ಕೊಡುತ್ತದೆ, ನಿಜ. ಆದರೆ ಮನೆ ಹುಡುಕಬೇಕಾದವರು ಅವರೇ! ಕಾಗದಪತ್ರದ ತಾಪತ್ರಯ ಬೇಡ ಅಂತ ಮಾಲೀಕರೆಲ್ಲ ಮುಖ ತಿರುಗಿಸುತ್ತಾರೆ. ಶುಕ್ರವಾರದೊಳಗೆ ಕರಾರು ಆಗದಿದ್ದರೆ ಅವಳ ಅವಕಾಶ ಕೈತಪ್ಪುತ್ತಿತ್ತು.

"ಕೂತ್ಕೊಳ್ಳಿ. ಹುಡುಕೋಣ," ಎಂದ ಗ್ಯುಬಿನ್.

ಮೂರು ದಿನ ಇಬ್ಬರೂ ಬೀದಿ ಬೀದಿ ಅಲೆದರು. ಮೆಟ್ಟಿಲ ಮೇಲೆ ಕೂತು ಅನ್ನದ ಸುರುಳಿ ಕಿಂಬಾಪ್ ತಿಂದರು. ಅವನು ನಕ್ಕಾಗ ಅವಳಿಗೆ ಎದೆ ಢವಢವ... 'ಥೂ, ಮೊದಲು ಮನೆ ಸಿಗಲಿ!' ಅಂತ ತನ್ನನ್ನೇ ಬೈದುಕೊಂಡಳು.

ಶುಕ್ರವಾರ ಕೊನೆಗೂ ಒಬ್ಬ ಅಜ್ಜಿ ಒಪ್ಪಿದಳು. ಕರಾರು ಬರೆಯಲು ಕೂತಾಗ ಕೇಳಿದಳು:

"ನಿಮ್ಮಮ್ಮ ಹಳ್ಳೀಲಿದ್ದಾರಂತೆ? ಒಂದು ಫೋನ್ ಮಾಡಿಸಮ್ಮ, ಮಾತಾಡ್ತೀನಿ."

ಹೆರಾನ್ ತಿರುಗಿ ನೋಡಿದಳು. ಅಜ್ಜಿಗೆ ಹಾಗೆ ಹೇಳಿದ್ದ ಗ್ಯುಬಿನ್ ತಲೆ ತಗ್ಗಿಸಿದ್ದ.

ಸುಮ್ಮನೆ ಹೂಂ ಅಂದಿದ್ದರೆ ಮನೆ ಅವಳದಾಗುತ್ತಿತ್ತು. ಆದರೆ ನಮ್ಮ ಹುಡುಗಿ ಅಂಥವಳಲ್ಲ!

"ನನಗೆ ಅಮ್ಮ ಇಲ್ಲ ಅಜ್ಜಿ. ಆಶ್ರಮದಲ್ಲಿ ಬೆಳೆದೆ. ಕೆಲಸ ಇದೆ, ಈ ಯೋಜನೆ ನನ್ನ ಹಕ್ಕು. ಇಷ್ಟ ಇದ್ರೆ ಮನೆ ಕೊಡಿ. ಯಾರದೋ ಮಗಳಾಗಿ ನಾನಿಲ್ಲಿ ಇರಲ್ಲ!"

ಅಜ್ಜಿ ಕನ್ನಡಕ ತೆಗೆದು ಅವಳನ್ನೇ ನೋಡಿದಳು. ಆಮೇಲೆ ಗ್ಯುಬಿನ್ ಕಡೆ ತಿರುಗಿದಳು.

"ಏಯ್, ಇಷ್ಟು ಗಟ್ಟಿ ಹುಡುಗಿಗೆ ಸುಳ್ಳು ಅಮ್ಮ ಯಾಕೋ ಬೇಕಿತ್ತು? ಮೊಹರು ಒತ್ತಮ್ಮ. ಇಲ್ಲಿರೋಳು ನೀನು ತಾನೆ?"

ಸಹಿಯ ಜಾಗದಲ್ಲಿ ಹೆರಾನ್ ತನ್ನ ಹೆಸರಿನ ಮೊಹರನ್ನು ಗಟ್ಟಿಯಾಗಿ ಒತ್ತಿದಳು.

ಹೊರಗೆ ಬಂದದ್ದೇ ತಡ, ಅವಳು ಬಿರಬಿರನೆ ನಡೆದಳು. ಗ್ಯುಬಿನ್ ಓಡಿ ಬಂದು ಅಡ್ಡ ನಿಂತ.

"ಕ್ಷಮಿಸಿ... ಯಾರೂ ನಿಮ್ಮನ್ನ ಕೀಳಾಗಿ ನೋಡಬಾರದು ಅಂತ..."

"ಮೊದಲು ಹಾಗೆ ನೋಡಿದ್ದು ನೀವೇ!"

ಅವನ ಮುಖ ಬಿಳಿಚಿತು.

"ಹೌದು. ತಪ್ಪು ಮಾಡಿದೆ. ಮನೆ ಸಿಗದಿದ್ರೆ ನೀವು ಬೇರೆ ಊರಿಗೆ ಹೋಗ್ಬಿಡ್ತೀರಿ ಅಂತ ಹೆದರಿಕೆಯಾಯ್ತು. ನೀವಂದ್ರೆ ನಂಗಿಷ್ಟ ಹೆರಾನ್... ತುಂಬಾ ಇಷ್ಟ."

ಅವಳ ಕಣ್ಣು ತುಂಬಿ ಬಂತು. ಕೋಪ ಇನ್ನೂ ಇತ್ತು, ಪ್ರೀತಿಯೂ ಇತ್ತು... ಹಾಳಾದ್ದು, ಎರಡೂ ಒಟ್ಟಿಗೇ!

"ನಿಮ್ಮಮ್ಮ ಈ ಹುಡುಗಿ ಯಾರು ಅಂತ ಕೇಳಿದ್ರೆ ಏನಂತೀಯಾ?"

"ನಾನು ಮದುವೆ ಆಗ್ಬೇಕು ಅಂತಿರೋ ಹುಡುಗಿ ಅಂತೀನಿ."

"ಎಲ್ಲಿ ಬೆಳೆದಳು ಅಂತ ಕೇಳಿದ್ರೆ?"

ಅವನು ತಡವರಿಸಲಿಲ್ಲ. "ಆಶ್ರಮದಲ್ಲಿ ಅಂತೀನಿ."

ಹೆರಾನ್ ಮೂಗೊರೆಸಿಕೊಂಡು ಅವನ ಕೈ ಹಿಡಿದಳು.

"ಹಾಗಾದ್ರೆ ಬಾ, ನಿಮ್ಮಮ್ಮನ ಹತ್ರ ಹೋಗೋಣ."