ಒಂದು ಚಳಿಗಾಲ ಎಣಿಸಬೇಕು

ಸಿಟ್ಟು ಬಂದರೆ ಸಂಯುಕ್ತಾ ಲಿಫ್ಟ್‌ಗೆ ಕಾಯುವವಳಲ್ಲ. ಕಾಮೋಠೆಯ ತನ್ನ ಹೌಸಿಂಗ್ ಸೊಸೈಟಿಯ ಏಳೂ ಮಹಡಿ ಹತ್ತಿ ಟೆರೇಸಿಗೆ ಬಂದವಳು ಏದುಸಿರು ಬಿಡುತ್ತಲೇ ಕೂಗಿದಳು.

“ಕೌಶಲ್ ಅಂದ್ರೆ ನೀವೇನಾ? ಇಲ್ಲಿ ಕರೆಂಟಿಗೆ ಅಂತ ಕೂರಿಸೋ ಗಾಳಿಯಂತ್ರದ ರಿಪೋರ್ಟಿಗೆ ನನ್ನ ಹೆಸರು ಹಾಕೋಕೆ ಯಾರು ಹೇಳಿದ್ರು ನಿಮ್ಗೆ?”

ಟೇಪ್ ಹಿಡಿದು ಅಳತೆ ಮಾಡುತ್ತಿದ್ದ ಡೊಂಬಿವಲಿಯ ಹುಡುಗ ಬೆಚ್ಚಿಬಿದ್ದ. ಇಬ್ಬರೂ ಮುಖಾಮುಖಿಯಾದದ್ದು ಅದೇ ಮೊದಲು!

“ಸೆಕ್ರೆಟರಿ ನನ್ನನ್ನೂ ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಸೇರಿಸಿದ್ದಾರೆ ಮಾರಾಯ್ರೆ. ದಿನಾ ಹಕ್ಕಿ ಎಣಿಸಿ ಅದ್ರಲ್ಲಿ ಹಾಕುದು ನೀವೇ ಅಲ್ವಾ? ಎರಡು ತಿಂಗಳು ಫ್ಲೆಮಿಂಗೋ ಸೊನ್ನೆ ಅಂತ ಉಂಟು. ಅದನ್ನೇ ನೋಡಿ, ಹಕ್ಕಿಗಳಿಗೆ ಅಪಾಯ ಇಲ್ಲ ಅಂತ ಬರೆದೆ.”

“ಅದು ಜುಲೈ, ಆಗಸ್ಟ್ ರೀ! ಮಳೆಗಾಲದಲ್ಲಿ ಅವು ಇಲ್ಲಿ ಇರ್ತಾವಾ? ಚಳಿಗಾಲಕ್ಕೆ ಹಿಂಡುಹಿಂಡಾಗಿ ಈ ಟೆರೇಸ್ ಮೇಲೇ ಹಾರ್ತವೆ. ನಿಮ್ಮ ಬ್ಲೇಡಿಗೆ ಒಂದು ಬಡಿದು ಸತ್ರೂ ಅದು ನನ್ನ ಹೆಸರಲ್ಲಿ ಸಾಯತ್ತೆ!”

ಅವನು ಟೇಪ್ ಸುತ್ತತೊಡಗಿದ.

‘ಯಂತ್ರ ಮಾರಿದ್ರೆ ಸಾಕು ಇವನಿಗೆ... ಎಂಥಾ ಮನುಷ್ಯನಪ್ಪಾ!’

ಕಣ್ಣೊರೆಸಿಕೊಳ್ಳುತ್ತಾ ಅವಳು ಇಳಿದುಹೋದಳು.

ಭಾನುವಾರ ಸೊಸೈಟಿ ಮೀಟಿಂಗ್. ಜಗಳಕ್ಕೆಂದೇ ಬಂದ ಸಂಯುಕ್ತಾ ಬಾಯಿ ತೆರೆಯುವ ಮೊದಲೇ ಕೌಶಲ್ ಎದ್ದು ನಿಂತ.

“ಅವರ ಎಣಿಕೆ ಸರಿ. ನಾನು ಅರ್ಥ ಮಾಡ್ಕೊಂಡದ್ದು ತಪ್ಪು. ರಿಪೋರ್ಟ್ ವಾಪಸ್ ತಗೊಳ್ತೇನೆ.”

ಸೆಕ್ರೆಟರಿ ಮೋಹನದಾಸರು ಹುಬ್ಬೇರಿಸಿದರು. “ಅರೇ, ಮತ್ತೆ ನೀರಿನ ಪಂಪಿಗೆ ಕರೆಂಟು? ಆ ನೆಟ್ಟಗೆ ನಿಂತು ತಿರುಗುವ ಡಿಸೈನ್ ಉಂಟಲ್ಲ, ಅದನ್ನೇ ಹಾಕಿ.”

“ಅದು ಚಿಕ್ಕದು, ಸದ್ದೂ ಕಡಿಮೆ. ಆದ್ರೆ ಮೆಟ್ಟಿಲಿನ ದೀಪಕ್ಕಷ್ಟೇ ಸಾಕು. ಪಂಪ್ ನಡೆಸ್ಲಿಕ್ಕೆ ಮೂರು ಬ್ಲೇಡಿನದ್ದೇ ಬೇಕು, ಅದ್ರಿಂದ ಹಕ್ಕಿಗಳಿಗೆ ಅಪಾಯ. ಚಿಕ್ಕದ್ರಿಂದ್ಲೂ ಏನೂ ಆಗುದಿಲ್ಲ ಅಂತ ನಾನು ಬರೆದು ಕೊಡ್ಲಿಕ್ಕೆ ಆಗುದಿಲ್ಲ. ಒಂದು ಚಳಿಗಾಲ ಪೂರ್ತಿ ಎಣಿಸ್ಬೇಕು. ಅಲ್ಲಿವರೆಗೆ ಏನೂ ಹಾಕುದು ಬೇಡ.”

ಕೆಲಸ ನಿಂತಿತು. ಅದು ಅವನ ಹೊಸ ಕಂಪನಿಯ ಮೊದಲ ಆರ್ಡರ್ ಎಂದು ಮೋಹನದಾಸರು ಗೊಣಗಿದಾಗಲೇ ಅವಳಿಗೆ ಗೊತ್ತಾದದ್ದು!

‘ಅಯ್ಯೋ, ಎಷ್ಟು ಬೈದುಬಿಟ್ಟೆ...’

ಹೊರಟಿದ್ದ ಕೌಶಲ್‌ನ ಹಿಂದೆ ಅವಳು ಗೇಟಿನವರೆಗೂ ಓಡಿದಳು.

“ಸಾರಿ... ನನ್ನಿಂದ ನಿಮ್ಮ ಆರ್ಡರ್ ಹೋಯ್ತು.”

“ನಿಮ್ಮಿಂದ ಎಂತದೂ ಹೋಗ್ಲಿಲ್ಲ.” ಅವನು ತಡವರಿಸಿದ. “ದಿನಾ ಲೋಕಲ್ ಟ್ರೇನಿನಲ್ಲಿ ನೇತಾಡಿಕೊಂಡೇ ನೀವು ಬರೆದದ್ದು ಓದ್ತಿದ್ದೆ. ಒಂದು ದಿನ ಬರೀದಿದ್ರೆ, ಹುಷಾರಿಲ್ವಾ ಏನೋ ಅಂತ ಚಿಂತೆ... ನಿಮ್ಮ ಮುಖ ನೋಡುವ ಮೊದ್ಲೇ ನಂಗೆ ನಿಮ್ಮ ಮೇಲೆ ಪ್ರೀತಿ ಆಗಿತ್ತು.”

ಸಂಯುಕ್ತಾಳ ಎದೆ ಡವಡವ ಎಂದಿತು.

“ಎಣಿಸೋಕೆ ಇನ್ನೊಬ್ರು ಬೇಕು... ಬರ್ತೀರಾ?”

“ದಿನಾ ಬರ್ತೇನೆ. ಅಮ್ಮನಿಗೂ ಹೇಳಿ ಆಗಿದೆ.”

“ಏನಂತ?”

“ಹುಡುಗಿ ಸಿಕ್ಕಿದ್ದಾಳೆ, ಸದ್ಯಕ್ಕೆ ಬೈತಿದ್ದಾಳೆ ಅಂತ.”

ಅವಳಿಗೆ ನಗು ತಡೆಯಲಾಗಲಿಲ್ಲ. “ಇನ್ಮುಂದೂ ಬೈತೀನಿ ರೀ!”

“ಬೈಯಿರಿ... ಆಮೇಲೆ ಹೀಗೇ ಓಡಿ ಬನ್ನಿ. ಅಷ್ಟು ಸಾಕು ನಂಗೆ.”