ಇಲ್ಲದ ಗಂಡನ ಭುಜನೋವು

"ಯಾರು ಬಳಸೋದು ಇದನ್ನ?"

ಅಷ್ಟೇ ಪ್ರಶ್ನೆ. ಆದರೆ ಅವಳ ಮೈಯೆಲ್ಲ ಉರಿದುಹೋಯಿತು.

ಬೆಳಗಿನ ಪಾಳಿ ಮುಗಿಸಿ, ಆಸ್ಪತ್ರೆಯ ಎಕ್ಸ್-ರೇ ಕೋಣೆಯಿಂದ ನೇರವಾಗಿ ಬಂದಿದ್ದಳು. ಇದು ಅವಳು ಹತ್ತಿದ ಎರಡನೇ ಅಂಗಡಿ. ಮೊದಲನೆಯದರಲ್ಲಿ ಗಿಡದ ಬೇಲಿ ಕತ್ತರಿಸುವ ಯಂತ್ರ ತೋರಿಸಿ ಎಂದದ್ದಕ್ಕೆ ಅಲ್ಲಿದ್ದವನು ಅವಳನ್ನು ಮೇಲಿಂದ ಕೆಳಗೆ ನೋಡಿ, "ಮನೇಲಿ ಗಂಡಸರು ಯಾರಾದ್ರೂ ಇದ್ರೆ ಕಳಿಸಿಕೊಡಿ" ಎಂದಿದ್ದ.

ಈಗ ಇವನೂ ಅದೇ ರಾಗ ಎಳೆಯುತ್ತಿದ್ದಾನೆ...

ನಿಜಕ್ಕೂ ಇವನ ದನಿಯಲ್ಲಿ ಕೊಂಕಿರಲಿಲ್ಲ. ತೋಳು ಮಡಿಚಿದ ಅಂಗಿ, ಕಿವಿಯ ಹಿಂದೆ ಪೆನ್ಸಿಲು, ಉತ್ತರಕ್ಕಾಗಿ ಕಾಯುವ ಕಣ್ಣು. ಅದನ್ನೆಲ್ಲ ಗಮನಿಸುವ ತಾಳ್ಮೆ ಅವಳಿಗಿರಲಿಲ್ಲ.

"ನಮ್ಮನೆಯವರು" ಎಂದುಬಿಟ್ಟಳು.

ಅವಳ ಮನೆಯಲ್ಲಿ ಇದ್ದದ್ದು ಅವಳು ಮತ್ತು ಅಪ್ಪ. ಅಪ್ಪನೂ ಮನೆಯವರೇ ತಾನೆ? ಆದರೆ ಮೂವತ್ತು ದಾಟಿದ ಹೆಣ್ಣು 'ನಮ್ಮನೆಯವರು' ಅಂದರೆ ಕೇಳಿದವರಿಗೆ ಹೊಳೆಯುವ ಅರ್ಥ ಒಂದೇ.

ಅವನಿಗೂ ಅದೇ ಹೊಳೆಯಿತು. ತಲೆಯಾಡಿಸಿದ.

'ಅಂದ್ಕೊಳ್ಳಲಿ ಬಿಡು' ಎಂದಿತು ಅವಳ ಮನಸ್ಸು. 'ಗಂಡ ಇದ್ದಾನೆ ಅಂದ್ರೆ ಬೇಗ ಕೊಟ್ಟು ಕಳಿಸ್ತಾನೆ.'

"ಎತ್ತರಾನಾ ಅವರು?"

"ಎತ್ತರ."

"ಬಲಗೈನೋ, ಎಡಗೈನೋ?"

"ಎಡಗೈ." ಯಾಕೆ ಹಾಗೆ ಹೇಳಿದಳೋ ಅವಳಿಗೇ ತಿಳಿಯದು.

ಅವನು ಎರಡು ಪೆಟ್ಟಿಗೆ ತಂದು ಇಟ್ಟ. ಎರಡರಲ್ಲೂ ಒಂದೇ ಬ್ಯಾಟರಿಯಲ್ಲಿ ಓಡುವ ಯಂತ್ರಗಳ ಸೆಟ್ಟು: ಬೇಲಿ ಕತ್ತರಿಸಲು, ಹುಲ್ಲು ಕತ್ತರಿಸಲು, ಎಲೆ ಊದಲು. ದೊಡ್ಡದರಲ್ಲಿ ಶಕ್ತಿ ಜಾಸ್ತಿ, ಅದಕ್ಕೆ ತಕ್ಕ ಭಾರ. ಚಿಕ್ಕದು ಹಗುರ, ಅದಕ್ಕೊಂದು ಉದ್ದ ಕೋಲಿನ ಗರಗಸವನ್ನೂ ಆಮೇಲೆ ಸೇರಿಸಿಕೊಳ್ಳಬಹುದು.

"ಮನೆ ಬೇಲಿಗೆ ಚಿಕ್ಕದೇ ಸಾಕು ಮೇಡಂ. ದೊಡ್ಡದು ತಗೊಂಡೋರು ಎಷ್ಟೋ ಜನ ಆಮೇಲೆ ಅದನ್ನ ಮಂಚದ ಕೆಳಗೆ ತಳ್ಳಿರ್ತಾರೆ."

"ನಮಗೆ ದೊಡ್ಡದೇ ಬೇಕು."

"ಒಂದು ಸಲ ಹಿಡಿದು..."

"ಬೇಡ. ಕಟ್ಟಿಕೊಡಿ."

ಹಠ ಗೆದ್ದಿತು. ಪೆಟ್ಟಿಗೆ ಹೊತ್ತು ಬಾಗಿಲು ದಾಟುವಾಗಲೇ ಅವಳ ಕೈ ಸೋತಿತ್ತು.

ಅಪ್ಪ ಅರವತ್ತೆಂಟರ ನಿವೃತ್ತ ದರ್ಜಿ. ಬೇಲಿಯನ್ನೂ ಅಂಗಿಯಂತೆಯೇ ನೋಡುವವರು. 'ಕಾಲರ್ ಎದ್ದಿದೆ, ತೋಳು ಉದ್ದ ಆಯ್ತು' ಎನ್ನುತ್ತ ಏಣಿ ಹತ್ತಿ ಕತ್ತರಿ ಆಡಿಸುವುದೇ ಅವರ ಸುಖ. ಆದರೆ ಹೃದಯದ ಶಸ್ತ್ರಚಿಕಿತ್ಸೆ ಆದಮೇಲೆ ಕೈಯನ್ನು ತಲೆಗಿಂತ ಮೇಲೆ ಎತ್ತಲೇಬಾರದು ಎಂದಿದ್ದರು ಡಾಕ್ಟರು. ಮಗಳು ಡ್ಯೂಟಿಗೆ ಹೋದರೆ ಸಾಕು, ಏಣಿ ಗೋಡೆಯಿಂದ ಬೇಲಿಗೆ ನಡೆದುಬರುತ್ತಿತ್ತು.

ಏಣಿಯಿಂದ ಬಿದ್ದವರ ಮೂಳೆಗಳನ್ನು ದಿನಾ ನೋಡುವವಳು ಅವಳು. ಪ್ರತಿ ಫಿಲಂನಲ್ಲೂ ಅಪ್ಪನೇ ಕಾಣುತ್ತಿದ್ದರು. ಅದಕ್ಕೇ ಯಂತ್ರ ಬಂದಿತ್ತು. ಬೇಲಿ ತಾನೇ ಕತ್ತರಿಸಬೇಕು, ಅಪ್ಪ ಕೂತು ನೋಡಬೇಕು.

"ಪುಟ್ಟಿ, ಎಡಗಡೆ ತಗ್ಗಿತು ನೋಡು. ಒಳ್ಳೆ ಬಟ್ಟೆ ಹಾಳುಮಾಡ್ತೀಯಲ್ಲೇ" ಎಂದರು ಅಪ್ಪ ಕುರ್ಚಿಯಿಂದ.

ಅರ್ಧ ಬೇಲಿಗೇ ಅವಳ ಭುಜ ಕಿತ್ತುಬಂದಂತಾಯಿತು. ಯಂತ್ರ ಕೆಳಗಿಟ್ಟು ಕೂತಳು. ಕೂರಲಾಗಲಿಲ್ಲ, ಎದ್ದಳು. ಒಳಗೆ ಹೋಗಿ ಹೊರಗೆ ಬಂದಳು.

"ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀಯಾ?" ಎಂದರು ಅಪ್ಪ.

ಅಂಗಡಿಯವನು ಹೇಳಿದ್ದೇ ಸರಿಯಾಗಿತ್ತು. ಭುಜಕ್ಕಿಂತ ಅದೇ ಹೆಚ್ಚು ನೋಯುತ್ತಿತ್ತು.

ಮರುದಿನ ಪೆಟ್ಟಿಗೆಯೊಂದಿಗೆ ಮತ್ತೆ ಅದೇ ಅಂಗಡಿ.

"ಭಾರ ಆಯ್ತು. ಅವರಿಗೆ ಭುಜ ನೋವು."

"ಎಲ್ಲಿ ನೋವು?"

"ಇಲ್ಲಿ, ಕೀಲಿನ ಮುಂದೆ. ಕೈ ಎತ್ತಿದ್ರೆ ಚಳುಕು ಬರುತ್ತೆ" ಎಂದು ತನ್ನ ಭುಜವನ್ನೇ ಮುಟ್ಟಿ ತೋರಿಸಿದಳು. ಆಮೇಲೆ, "ಅಂತಾರೆ ಅವರು" ಎಂದು ಸೇರಿಸಿದಳು.

ಅವನ ಕಣ್ಣು ಅವಳ ಮಣಿಕಟ್ಟಿನ ಮೇಲೆ ನಿಂತಿತು. ಮುಳ್ಳು ಗೀರಿದ ಕೆಂಪು ಗೆರೆಗಳು, ಉಗುರಿನ ಸಂದಿಯಲ್ಲಿ ಎಲೆಯ ಹಸಿರು.

ಅವನು ಪೆಟ್ಟಿಗೆ ಎತ್ತಿಕೊಂಡ. ಮಾಲೀಕರ ಹತ್ತಿರ ಹೋಗಿ ಮಾತಾಡಿ, ದೊಡ್ಡದನ್ನು ವಾಪಸ್ ಇಟ್ಟುಕೊಂಡು ಚಿಕ್ಕದನ್ನು ತಂದ.

"ಈ ಸಲ ನೀವೇ ಹಿಡಿದು ನೋಡಿ. ಮೊಣಕೈ ಪಕ್ಕೆಗೆ ಹತ್ತಿರ ಇರಲಿ. ಕೆಲಸ ಯಂತ್ರ ಮಾಡುತ್ತೆ, ನೀವು ದಾರಿ ತೋರಿಸಿದ್ರೆ ಸಾಕು."

ಹಿಡಿ ಅವಳ ಅಂಗೈಗೆ ಸರಿಯಾಗಿ ಕೂತಿತು. ಯಂತ್ರವನ್ನು ಭುಜಕ್ಕೆ ತೂಗುಹಾಕುವ ಪಟ್ಟಿ ಸರಿಪಡಿಸಲು ಅವನ ಕೈ ಅವಳ ಭುಜದವರೆಗೆ ಬಂತು... ಅಲ್ಲೇ ನಿಂತು ಹಿಂದೆ ಸರಿಯಿತು.

"ನೀವೇ ಬಿಗಿ ಮಾಡ್ಕೊಳ್ಳಿ" ಎಂದ, ಬೇರೆಲ್ಲೋ ನೋಡುತ್ತ.

'ಈಗ ಹೇಳಿಬಿಡು. ಗಂಡನೂ ಇಲ್ಲ, ಗಿಂಡನೂ ಇಲ್ಲ ಅಂತ ಹೇಳು.' ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಯಾರೋ ಹುಲ್ಲು ಯಂತ್ರದ ದಾರ ಕೇಳಿಕೊಂಡು ಬಂದರು.

ಉದ್ದ ಕೋಲಿನ ಗರಗಸ ಆಗ ದಾಸ್ತಾನು ಇರಲಿಲ್ಲ. ಬಂದಮೇಲೆ ತಿಳಿಸುತ್ತೇವೆಂದು ಅವನು ವಿಳಾಸ ಬರೆದುಕೊಂಡ. ತಿಳಿಸುವವರೆಗೆ ಅವಳು ಕಾಯಬಹುದಿತ್ತು. ಕಾಯಲಿಲ್ಲ. ಅಲಗಿಗೆ ಎಣ್ಣೆ ಬೇಕೆಂದು ಹೋದಳು. ಕೈಗವಸು ಬೇಕೆಂದು ಹೋದಳು. ಕೈಗವಸು ದೊಡ್ಡದಾಯಿತೆಂದು ಮತ್ತೆ ಹೋದಳು.

"ಎಡಗೈಯವರು, ಎತ್ತರದವರು, ಕೈ ಮಾತ್ರ ಇಷ್ಟು ಚಿಕ್ಕದಾ?" ಎಂದು ಅವನು ಹುಬ್ಬೇರಿಸಿದ.

"ಕೆಲವರಿಗೆ ಹಾಗಿರುತ್ತೆ."

ಒಂದು ಸುಳ್ಳಿಗೆ ನೂರು ಸುಳ್ಳಿನ ಆಸರೆ. ಇಲ್ಲದ ಗಂಡ ದಿನದಿನಕ್ಕೆ ಬೆಳೆಯುತ್ತಿದ್ದ. ಆಸ್ಪತ್ರೆಯಲ್ಲಿ ರೋಗಿಯ ಬಲಗಾಲಿನ ಬದಲು ಎಡಗಾಲಿನ ಫಿಲಂ ತೆಗೆದು ಬೈಸಿಕೊಂಡಳು. ಮನೆಯಲ್ಲಿ ತೊಳೆದ ಪಾತ್ರೆಯನ್ನೇ ತೊಳೆದಳು. 'ಏನಾಗಿದೆ ನನಗೆ? ಅವನು ನನಗೆ ಏನೂ ಅಲ್ಲ...'

ಏನೂ ಅಲ್ಲದವನು ಒಂದು ಮಧ್ಯಾಹ್ನ ಅವಳನ್ನು ಕಂಡೊಡನೆ ಇನ್ನೊಬ್ಬ ಸೇಲ್ಸ್‌ಮನ್ನನ್ನು ಕರೆದ. "ಮೇಡಂಗೆ ಏನು ಬೇಕು ನೋಡಪ್ಪ."

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಸೀದಾ ಅವನ ಬೆಂಚಿನ ಮುಂದೆ ಹೋಗಿ ನಿಂತಳು.

"ನಾನೇನು ತಪ್ಪು ಮಾಡಿದೆ?"

ಅವನು ಕೈಯಲ್ಲಿದ್ದ ಅಲಗು ಕೆಳಗಿಟ್ಟ. "ಹೇಳಬಾರದು. ಆದ್ರೂ ಹೇಳ್ತೀನಿ. ಹೆಂಡತಿ ಕೈ ಗೀರಿಸಿಕೊಂಡು, ಭುಜ ನೋಯಿಸಿಕೊಂಡು ಬೇಲಿ ಕಡೀತಿದ್ರೆ ಸುಮ್ಮನೆ ನೋಡ್ತಾ ಕೂರೋ ಮನುಷ್ಯ... ಅವರನ್ನ ಏನಂತ ಕರೀಬೇಕೋ ನನಗೆ ಗೊತ್ತಾಗಲ್ಲ."

ಅವಳ ಕಣ್ಮುಂದೆ ಬಂದದ್ದು ಅಪ್ಪ. ಎದೆಯ ಮೇಲಿನ ಹೊಲಿಗೆಯ ಗುರುತನ್ನು ಮುಚ್ಚಿಕೊಳ್ಳಲು ಗುಂಡಿ ಹಾಕಿಕೊಂಡು ಕೂತ ಅಪ್ಪ.

"ಅವರ ಬಗ್ಗೆ ಒಂದು ಮಾತೂ ಆಡಬೇಡಿ. ಅವರು ನನ್ನ ಪ್ರಾಣ."

ಅವನ ಮುಖ ಬಿಳುಚಿತು. "ತಪ್ಪಾಯ್ತು. ಇನ್ಮೇಲೆ ಆ ಮಾತು ಎತ್ತಲ್ಲ."

ಮನೆಗೆ ಬರುವ ದಾರಿಯುದ್ದಕ್ಕೂ ಅವಳಿಗೆ ನಗು ಬರುತ್ತಿತ್ತು. ಮನೆ ತಲುಪುವ ಹೊತ್ತಿಗೆ ಅದು ಅಳುವಾಗಿತ್ತು.

ಅದಾದ ಮೇಲೆ ಅವಳು ಅಂಗಡಿಯತ್ತ ಸುಳಿಯಲಿಲ್ಲ.

ಒಂದು ದಿನ ಎಕ್ಸ್-ರೇ ಕೋಣೆಯ ಹೊರಗೆ ಸಾಲಿತ್ತು. ಮುಂದಿನವರನ್ನು ಕರೆಯಲು ಬಾಗಿಲು ತೆರೆದವಳು ಅಲ್ಲೇ ಕಂಬವಾದಳು.

ಬೆಂಚಿನ ಮೇಲೆ ಅಪ್ಪ. ಪಕ್ಕದಲ್ಲಿ ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡ ಅವನು.

"ನನಗೇನೂ ಆಗಿಲ್ಲ ಪುಟ್ಟಿ, ಗಾಬರಿ ಬೇಡ" ಎಂದರು ಅಪ್ಪ ಅವಸರದಲ್ಲಿ. "ಆ ಗರಗಸ ಕೊಡೋಕೆ ಇವರು ಮನೆಗೆ ಬಂದ್ರು. ನಾನು ಏಣಿ ಮೇಲಿದ್ದೆ. ಕಾಲು ಜಾರಿತು, ಓಡಿಬಂದು ಹಿಡ್ಕೊಂಡ್ರು. ಪಾಪ, ಇವರ ಕೈ ನನ್ನ ಕೆಳಗೆ ಸಿಕ್ಕಿಹಾಕ್ಕೊಳ್ತು." ಆಮೇಲೆ ದನಿ ತಗ್ಗಿಸಿ, "'ನಿಮ್ಮ ಅಳಿಯಂದಿರು ಎಲ್ಲಿ' ಅಂತ ಇವರು ಕೇಳ್ತಾರೆ ಕಣೇ. ಅಳಿಯ ಎಲ್ಲಿಂದ ಬರ್ಬೇಕು, ನನ್ನ ಮಗಳಿಗಿನ್ನೂ ಮದುವೇನೇ ಆಗಿಲ್ಲ ಅಂದೆ" ಎಂದರು.

ಅವಳು ಅವನ ಮುಖ ನೋಡಲಿಲ್ಲ.

ಒಳಗೆ ಮೇಜಿನ ಮೇಲೆ ಅವನ ಕೈ ಇರಿಸಿ, ಮಣಿಕಟ್ಟನ್ನು ಮೆಲ್ಲಗೆ ತಿರುಗಿಸಿದಳು. ನೂರಾರು ಕೈಗಳನ್ನು ಹೀಗೇ ಹಿಡಿದಿದ್ದಾಳೆ. ಈ ಕೈಯನ್ನು ಮಾತ್ರ ಎರಡೆರಡು ಸಲ ಸರಿಪಡಿಸಿಟ್ಟಳು.

"ನೋಯ್ತಾ?"

"ಇದಲ್ಲ ನೋಯ್ತಿರೋದು."

ಅವಳು ಯಂತ್ರದ ಬೆಳಕನ್ನು ಮಣಿಕಟ್ಟಿನ ಮೇಲೆ ತಂದಳು.

"ನನ್ನನ್ನ ದೂರ ಇಡೋಕೆ ಒಬ್ಬ ಗಂಡನ್ನೇ ಹುಟ್ಟಿಸಬೇಕಿತ್ತಾ? 'ನಿಮ್ಮ ಮಿತೀಲಿ ನೀವಿರಿ' ಅಂದಿದ್ರೆ ಸಾಕಿತ್ತು."

"ಹಾಗಲ್ಲ..."

"ಮೇಡಂ, ಸಾಲು ದೊಡ್ಡದಿದೆ" ಎಂದು ನರ್ಸ್ ಬಾಗಿಲು ತಟ್ಟಿದಳು.

"ಕೈ ಅಲ್ಲಾಡಿಸಬೇಡಿ" ಎಂದಷ್ಟೇ ಹೇಳಿ ಗಾಜಿನ ಹಿಂದೆ ಹೋಗಿ ಗುಂಡಿ ಒತ್ತಿದಳು. ಪರದೆಯ ಮೇಲೆ ಅವನ ಮೂಳೆ ಮೂಡಿತು, ನಡುವೆ ಕೂದಲೆಳೆಯಂಥ ಬಿರುಕು.

ತಿರುಗಿ ನೋಡುವಷ್ಟರಲ್ಲಿ ಅವನು ಹೊರಗೆ ಹೋಗಿದ್ದ.

ಎರಡು ದಿನ ಅವಳಿಗೆ ಅನ್ನ ರುಚಿಸಲಿಲ್ಲ. ಮೂರನೆಯ ದಿನ ಅಂಗಡಿಗೆ ಹೋದರೆ ಅವನು ರಜೆಯಲ್ಲಿದ್ದ. ಇನ್ನೊಬ್ಬ ಸೇಲ್ಸ್‌ಮನ್ ಹೇಳಿದ, "ಅವನು ಹೊರಟ್ನಲ್ಲ ಮೇಡಂ. ಬೇರೆ ಊರಿನ ಶಾಖೆಗೆ ವರ್ಗ ಕೇಳ್ಕೊಂಡಿದ್ದಾನೆ. ಇಲ್ಲಿ ಇರೋಕಾಗಲ್ಲ ಅಂತಾನೆ. ಯಾಕೆ ಅಂದ್ರೆ ಬಾಯಿ ಬಿಡಲ್ಲ."

ಮನೆಗೆ ಬಂದು ಕೋಣೆಯಿಂದ ಕೋಣೆಗೆ ತಿರುಗಿದಳು. ಅಪ್ಪ ಹೊಲಿಗೆ ಯಂತ್ರದ ಧೂಳು ಒರೆಸುತ್ತ ಅವಳನ್ನೇ ನೋಡುತ್ತಿದ್ದರು.

"ಅಪ್ಪ, ಮೈ ನೋಯಿಸ್ಕೋಬೇಡಿ."

"ಕೈ ತಲೆಗಿಂತ ಮೇಲೆ ಹೋಗಬಾರದು ಅಂದಿದ್ದಾರೆ. ಹೊಲೀಬಾರದು ಅಂದಿಲ್ಲ." ಅಳತೆ ಪಟ್ಟಿಯನ್ನು ಅವಳ ಕೊರಳಿಗೆ ಹಾಕಿದರು. "ಆ ಹುಡುಗನಿಗೆ ಪ್ಲಾಸ್ಟರ್ ಮೇಲೆ ಯಾವ ಅಂಗಿ ತೋಳೂ ಹತ್ತಲ್ಲ. ಪಕ್ಕದಲ್ಲಿ ಬಿಚ್ಚೋ ತೋಳಿಟ್ಟು ಒಂದು ಹೊಲೀತೀನಿ. ಅಳತೆ ತಗೊಂಡು ಬಾ."

"ನಾನಾ?"

"ನನ್ನ ಪ್ರಾಣ ಉಳಿಸಿದ್ದಾನೆ. ಒಂದು ಅಂಗಿಯಾದ್ರೂ ಬೇಡ್ವಾ?" ಅಪ್ಪ ಕನ್ನಡಕದ ಮೇಲಿಂದ ನೋಡಿದರು. "ಅವತ್ತು ಆಸ್ಪತ್ರೇಲಿ ನಿನ್ನ ಮುಖಾನೂ ನೋಡಿದೆ, ಅವನ ಮುಖಾನೂ ನೋಡಿದೆ. ನಾನು ದರ್ಜಿ ಕಣೇ. ಎಲ್ಲಿ ಬಿಗಿ ಇದೆ ಅಂತ ನೋಡಿದ್ರೇ ಗೊತ್ತಾಗುತ್ತೆ."

ಅಂಗಡಿಯಲ್ಲಿ ವಿಳಾಸ ಕೇಳಿಕೊಂಡು ಹೋದಳು. ಅವನ ಮನೆ ಕಟ್ಟಡದ ನೆತ್ತಿಯ ಮೇಲಿನ ಒಂದೇ ಕೋಣೆ. ಊರಿಗೆಲ್ಲ ತೋಟದ ಯಂತ್ರ ಮಾರುವವನ ಬಳಿ ಹಿಡಿ ಮಣ್ಣೂ ಇರಲಿಲ್ಲ. ಮೂಲೆಯಲ್ಲಿ ಅರ್ಧ ಕಟ್ಟಿದ ಚೀಲ.

ಬಾಗಿಲು ತೆರೆದವನು ಬೆಚ್ಚಿಬಿದ್ದ.

"ಅಪ್ಪ ಕಳಿಸಿದ್ರು. ಅಂಗಿಗೆ ಅಳತೆ."

"ಬೇಡ ಅನ್ನಿ. ಅವರಿಗೆ ಯಾಕೆ ತೊಂದರೆ?"

"ಕೈ ಅಗಲ ಮಾಡಿ."

ಭುಜದಿಂದ ಭುಜಕ್ಕೆ ಪಟ್ಟಿ ಹಿಡಿದಳು. ಅಂಕಿಗಳು ಕಣ್ಣಿಗೆ ಕಾಣುತ್ತಿದ್ದವು, ತಲೆಗೆ ಹತ್ತಲಿಲ್ಲ. ಅವನ ಬೆನ್ನ ಹಿಂದೆ ನಿಂತದ್ದೇ ಧೈರ್ಯವಾಯಿತು.

"ಮೊದಲನೇ ದಿನ ಕೋಪದಲ್ಲಿ ಅಂದೆ. ಬೇರೆ ಅಂಗಡೀಲಿ ಗಂಡಸರನ್ನ ಕಳಿಸಿ ಅಂದಿದ್ರು. ನೀವೂ ಹಾಗೇ ಅಂದ್ಕೊಂಡೆ."

"ಆಮೇಲೆ?"

"ಆಮೇಲೆ... ನಿಜ ಹೇಳಿಬಿಟ್ಟಿದ್ರೆ ಅಂಗಡಿಗೆ ಬರೋಕೆ ನೆಪಾನೇ ಇರ್ತಿರಲಿಲ್ಲ." ಅವಳು ಪಟ್ಟಿಯನ್ನು ಅವನ ಬೆನ್ನಿನಿಂದ ತೆಗೆದಳು. "ದೂರ ಇಡೋಕಲ್ಲ ಆ ಸುಳ್ಳು. ಹತ್ತಿರ ಬರೋಕೆ ಬೇರೆ ದಾರಿ ಗೊತ್ತಿರಲಿಲ್ಲ."

ಅವನು ತಿರುಗಿದ. ಪಟ್ಟಿ ಅವಳ ಕೈಯಿಂದ ಜಾರಿತು.

"'ಅವರು ನನ್ನ ಪ್ರಾಣ' ಅಂದ್ರಲ್ಲ..."

"ಅಪ್ಪನ್ನ ಅಂದೆ."

ಅವನು ಹಾಸಿಗೆಯ ತುದಿಯಲ್ಲಿ ಕುಸಿದು ಕೂತ. "ಆ ಎಡಗೈಯವನ ಮೇಲೆ ಎಷ್ಟು ಹೊಟ್ಟೆಕಿಚ್ಚು ಪಟ್ಟಿದ್ದೀನಿ ಗೊತ್ತಾ? ಇನ್ನೊಬ್ಬರ ಹೆಂಡತಿ ಬಗ್ಗೆ ಹೀಗೆಲ್ಲ ಯೋಚಿಸ್ತೀನಲ್ಲ ಅಂತ ನನ್ನ ಮೇಲೇ ನನಗೆ ಹೇಸಿಗೆ ಆಗಿ ವರ್ಗ ಕೇಳಿದೆ. ಹೋಗೋ ಮುಂಚೆ ಆ ಪುಣ್ಯಾತ್ಮನ್ನ ಒಂದು ಸಲ ನೋಡೋಣ ಅಂತ ಗರಗಸ ನಾನೇ ತಂದೆ."

"ಗಂಡ ಇಲ್ಲ ಅಂತ ಗೊತ್ತಾದ ಮೇಲೂ ಚೀಲ ಕಟ್ತಿದ್ದೀರಲ್ಲ?"

"ಬೇಡದವನು ಇಲ್ಲಿದ್ದು ಏನು ಮಾಡಲಿ ಅಂತ."

ಅವಳು ಚೀಲದ ಹತ್ತಿರ ಹೋದಳು. ಒಂದೊಂದಾಗಿ ಬಟ್ಟೆ ತೆಗೆದು ಕಪಾಟಿನಲ್ಲಿ ಇಡತೊಡಗಿದಳು. ಅವನು ಬೇಡ ಅನ್ನಲಿಲ್ಲ.

ಅವಳ ಫೋನು ಗುನುಗಿತು. ಅಪ್ಪ. "ಅಳತೆ ಎಷ್ಟು ಬಂತು ಪುಟ್ಟಿ? ಬಟ್ಟೆ ಹರಡ್ಕೊಂಡು ಕೂತಿದ್ದೀನಿ."

ಅವಳು ನೆಲದ ಮೇಲೆ ಬಿದ್ದ ಪಟ್ಟಿ ನೋಡಿದಳು. "ಇನ್ನೂ ತಗೊಂಡಿಲ್ಲ ಅಪ್ಪ."

"ಹೂಂ. ನಿಧಾನಕ್ಕೆ ತಗೋ. ಅವಸರ ಮಾಡಿದ್ರೆ ಬಟ್ಟೆ ಕೆಡುತ್ತೆ" ಎಂದು ಅಪ್ಪ ಫೋನಿಟ್ಟರು.

ಅವನು ನಗುತ್ತಿದ್ದ. ಇಷ್ಟು ದಿನಗಳಲ್ಲಿ ಅವಳು ಆ ನಗು ಕಂಡಿರಲಿಲ್ಲ.

"ಮಾಲೀಕರಿಗೆ ಏನು ಹೇಳ್ತೀರಿ?" ಎಂದು ಕೇಳಿದಳು.

"ಕೈ ವಾಸಿಯಾಗೋವರೆಗೂ ಹೊರಡೋ ಹಾಗಿಲ್ಲ ಅಂತ."

"ವಾಸಿಯಾದ ಮೇಲೆ?"

"ಆಯ್ತೋ ಇಲ್ವೋ ಅಂತ ಫಿಲಂ ನೋಡಿ ಹೇಳೋರು ನೀವೇ ಅಲ್ವಾ?"

ಅವಳು ಬಂದು ಅವನ ಪಕ್ಕದಲ್ಲಿ ಕೂತಳು. ಈ ಸಲ ಏಳಬೇಕು ಅನ್ನಿಸಲಿಲ್ಲ. ಪ್ಲಾಸ್ಟರಿನಿಂದ ಹೊರಗೆ ಇಣುಕಿದ್ದ ಅವನ ಬೆರಳುಗಳನ್ನು ಮೆಲ್ಲಗೆ ತನ್ನ ಅಂಗೈಯಲ್ಲಿ ಇಟ್ಟುಕೊಂಡಳು.

"ಇದು ಬೇಗ ವಾಸಿಯಾಗೋ ಥರ ಕಾಣಲ್ಲ" ಎಂದಳು.

"ನನಗೂ ಹಾಗೇ ಅನ್ಸುತ್ತೆ" ಎಂದ ಅವನು.